ಸುಂಕಸಾಳದ ಗುಡ್ಡದ ಬೋಳಪ್ಪ, ಗಡ್ಡಪ್ಪ

೧೯೬೨ನೇ ಇಸವಿಯಲ್ಲಿ ನಾನು ಭಾವಿಕೇರಿಯ ಶಾಲೆ ಬಿಟ್ಟೆ. ಆರನೇ ಇಯತ್ತೆ ಅರ್ಧ ಆಗಿತ್ತು. ಮಾಸ್ತರರೇ ನನ್ನನ್ನು ಬಿಡಿಸಿದರು ಎಂದು ಊರಲ್ಲಿ ಹೇಳುವವರು ಈಗಲೂ ಇದ್ದಾರೆ. ಅದು ಸುಳ್ಳು. ನಾನೇ ಮಾಸ್ತರರನ್ನು ಬಿಟ್ಟೆ. ಆಮೇಲೆ ಗದ್ದೆ ಕೆಲಸ, ಕಲ್ಲು ಹೊರುವ ಕೆಲಸ ಎಲ್ಲ ಮಾಡಿ ಕಾರವಾರದ ಒಂದು ಕಾಲೇಜಿನಲ್ಲಿ ತೋಟದ ಆಳಾಗಿ ಸೇರಿ, ಅಲ್ಲಿಂದ ಸಸ್ಯಶಾಸ್ತ್ರ ವಿಭಾಗದ ಅಟೆಂಡರ್ ಆದೆ. ಹೇಗೆ ಆದೆ, ಯಾವಾಗ ಆದೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ಬರೆಯುವುದು ಕೆಲಸದ ಬಗ್ಗೆ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವವರು, ಅಟೆಂಡರ್ ಎಂದರೆ ಬಾಗಿಲು ತೆಗೆಯುವುದು, ಬಾಗಿಲು ಹಾಕುವುದು, ನಡುವೆ ಚಹಾ ತರುವುದು ಎಂದುಕೊಂಡು ಬರುತ್ತಾರೆ. ನಮ್ಮ ವಿಭಾಗದಲ್ಲಿ ಹಾಗಲ್ಲ. ಗುಡ್ಡ ಹತ್ತಬೇಕು, ಗಿಡ ಕೀಳಬೇಕು. ಬೇರು ಸಮೇತ ಕೀಳಬೇಕು; ಅರ್ಧ ಕಿತ್ತರೆ ಬೈಸಿಕೊಳ್ಳಬೇಕು. ಕಿತ್ತದ್ದನ್ನು ಹಳೆ ಪೇಪರಿನ ನಡುವೆ ಕೈಕಾಲು ಬಿಡಿಸಿ ಮಲಗಿಸಬೇಕು. ಅಂಥ ಪೇಪರುಗಳ ಕಟ್ಟನ್ನು ಎರಡು ಜಾಳಿಗೆ ಹಲಗೆಗಳ ನಡುವೆ ಇಟ್ಟು ಪಟ್ಟಿ ಬಿಗಿದರೆ ಅದೇ ಪ್ರೆಸ್ಸು. ದಿನವೂ ಪೇಪರು ಬದಲಿಸಿದರೆ ಗಿಡ ಹಪ್ಪಳದ ಹಾಗೆ ಒಣಗುತ್ತದೆ. ಬದಲಿಸದಿದ್ದರೆ ಬೂಸ್ಟು ಹಿಡಿದು, ಯಾವ ಗಿಡ ಎಂದು ಅದರ ತಾಯಿಗೂ ಗೊತ್ತಾಗುವುದಿಲ್ಲ.

ನಾನು ಒಣಗಿಸಿದ ಗಿಡದಷ್ಟು ಚಂದದ ಗಿಡ ವಿಭಾಗದ ಒಣಗಿಡದ ಕೋಣೆಯಲ್ಲಿ ಮತ್ತೊಂದಿಲ್ಲ. ಇದನ್ನು ನಾನು ಹೇಳಬಾರದು. ಆದರೆ ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ.

ನನ್ನ ಕೊನೆಯ ವರ್ಷಗಳಲ್ಲಿ ವಿಭಾಗಕ್ಕೆ ವಿಜಯಾ ಮೇಡಂ ಬಂದರು. ಕುಮಟೆಯ ಕಡೆಯವರು, ಸಣ್ಣ ವಯಸ್ಸು, ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದರು. ವಿಷಯ: ನಮ್ಮ ಘಟ್ಟದ ಸಾಸಿವೆ ಕುಟುಂಬದ ಕಾಡುಹೂಗಳು. ಮೊದಲ ದಿನವೇ ನನ್ನನ್ನು ಕರೆದು, “ಹಮ್ಮಣ್ಣ, ನಾಲ್ಕು ಎಸಳು, ಕೂಡಿಸೋ ಚಿಹ್ನೆಯ ಹಾಗೆ ಇರಬೇಕು. ಅಂಥ ಹೂವು ಕಂಡರೆ ತನ್ನಿ” ಎಂದರು.

ಇಷ್ಟೇಯಾ ಎಂದುಕೊಂಡೆ. ಮರುದಿನ ಬರುವಾಗ ಹಟ್ಟಿಕೇರಿಯಲ್ಲಿ ಟೆಂಪೋ ಇಳಿದು, ರಸ್ತೆ ಬದಿಯ ಹಳದಿ ಹೂವಿನ ಗಿಡ ಒಂದು ಹೊರೆ ಕಿತ್ತು ತಂದು ಅವರ ಮೇಜಿನ ಮೇಲೆ ಹಾಕಿದೆ. ಮೇಜು ಕಾಣಲಿಲ್ಲ. ಸ್ವಲ್ಪ ಹೊತ್ತು ಮೇಡಮ್ಮೂ ಕಾಣಲಿಲ್ಲ.

“ಇದು ನಾಯಿ ಸಾಸಿವೆ ಹಮ್ಮಣ್ಣ.”

“ಹೌದು ಮೇಡಂ. ಸಾಸಿವೆನೇ.”

“ಸಾಸಿವೆ ಅಲ್ಲ. ಹೆಸರಷ್ಟೇ. ಇದು ಬೇರೆ ಕುಟುಂಬ.”

ನನಗೆ ಒಪ್ಪಿಗೆಯಾಗಲಿಲ್ಲ. ಎಸಳು ನಾಲ್ಕೇ ಇದೆ, ಬೀಜ ಸಾಸಿವೆಯ ಹಾಗೇ ಇದೆ, ಊರೆಲ್ಲ ಸಾಸಿವೆ ಎಂದೇ ಕರೆಯುತ್ತದೆ. ಸಂಜೆ ಅದರ ಒಣಕಾಯಿ ಒಂದು ಹಿಡಿ ಮನೆಗೆ ಒಯ್ದು ಹೆಂಡತಿಯ ಹತ್ತಿರ ನ್ಯಾಯ ಕೇಳಿದೆ. ಗಂಗೆ ಒಂದು ಚಿಟಿಕೆ ಬೀಜ ತೆಗೆದು ಕಾದ ಎಣ್ಣೆಗೆ ಹಾಕಿದಳು. ಚಟಪಟ ಎಂದಿತು.

“ಸಿಡೀತು. ಸಾಸಿವೆನೇಯಾ. ನಿಮ್ಮ ಮೇಡಮ್ಮಂಗೆ ಒಗ್ಗರಣೆ ಹಾಕೂಕೆ ಬತ್ತಿಲ್ಲ ಕಾಣ್ತದೆ” ಎಂದಳು.

ಈ ತೀರ್ಪನ್ನು ನಾನು ಮರುದಿನ ಹಾಗೇ ಮೇಡಮ್ಮಿಗೆ ತಿಳಿಸಿದೆ. ಅವರು ಸಿಟ್ಟು ಮಾಡಲಿಲ್ಲ. ಅಡುಗೆಮನೆಯ ಸಾಸಿವೆ ಗಿಡದ ಒಂದು ಒಣಕಾಯಿ, ನಾಯಿ ಸಾಸಿವೆಯ ಒಂದು ಒಣಕಾಯಿ ತೆಗೆದು ಎರಡನ್ನೂ ಬಿಡಿಸಿ ಲೆನ್ಸ್ ಕೊಟ್ಟರು. ನಿಜವಾದ ಸಾಸಿವೆಯ ಕಾಯಿಯ ಒಳಗೆ, ನಡುವೆ, ಈರುಳ್ಳಿ ಸಿಪ್ಪೆಯಂಥ ತೆಳು ಪರದೆ ಇತ್ತು; ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಹಾಕಿಕೊಂಡ ಮನೆಯ ಹಾಗೆ. ನಾಯಿ ಸಾಸಿವೆಯಲ್ಲಿ ಗೋಡೆ ಇಲ್ಲ, ಎಲ್ಲ ಒಟ್ಟಿಗೇ ಇದ್ದಾರೆ. ಅಂದಿನಿಂದ ನನಗೆ ಆ ಕುಟುಂಬ ತಪ್ಪಿದ್ದಿಲ್ಲ. ಗಂಗೆಗೆ ಮಾತ್ರ ಇವತ್ತಿಗೂ ಸಿಡಿದದ್ದೇ ಸಾಸಿವೆ.

ಮೇಡಮ್ಮಿಗೆ ಬೇಕಾದ್ದು ರಸ್ತೆ ಬದಿಯ ಗಿಡವಲ್ಲ. ಸುಂಕಸಾಳದ ಮೇಲಿನ ಗುಡ್ಡದಲ್ಲಿ, ಮಳೆಗಾಲದಲ್ಲಿ ನೀರು ಜಿನುಗುವ ಬಂಡೆಗಳ ಮೇಲೆ, ಗೇಣುದ್ದವೂ ಇಲ್ಲದ ಒಂದು ಗಿಡ ಬರುತ್ತದೆ. ಹೂವು ಬಿಳಿ, ಅಕ್ಕಿಕಾಳಿಗಿಂತ ಚಿಕ್ಕದು. ಕಾಯಿ ಸೂಜಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಬಲಿತ ಕಾಯಿ ಮುಟ್ಟಿದರೆ ಪಟ್ಟೆಂದು ಸುರುಳಿ ಬಿಚ್ಚಿ ಬೀಜವನ್ನು ಮುಖಕ್ಕೆ ಎಸೆಯುತ್ತದೆ. ಕಾರ್ಡಮೈನ್ ಎಂದು ಅದರ ಹೆಸರು. ಅದರಲ್ಲಿ ಎರಡು ಜಾತಿ ಇವೆ ಎಂದು ಮೇಡಂ ಕಂಡುಹಿಡಿದಿದ್ದರು. ದೂರದಿಂದ ನೋಡಿದರೆ ಒಂದೇ. ಲೆನ್ಸಿನಲ್ಲಿ ನೋಡಿದರೆ ಒಂದರ ಕಾಯಿಯ ಮೇಲೆ ಸಣ್ಣ ಸಣ್ಣ ಕೂದಲು, ಇನ್ನೊಂದರದು ನುಣ್ಣಗೆ. ಲ್ಯಾಟಿನ್ ಹೆಸರಿಗೆ ನನ್ನ ನಾಲಿಗೆ ಹೊರಳದ ಕಾರಣ ಕೂದಲಿದ್ದದ್ದಕ್ಕೆ ಗಡ್ಡಪ್ಪ, ಇಲ್ಲದ್ದಕ್ಕೆ ಬೋಳಪ್ಪ ಎಂದು ನಾನು ಹೆಸರಿಟ್ಟೆ. ಮೊದಮೊದಲು ನಕ್ಕ ಮೇಡಂ ಆಮೇಲೆ ತಾವೂ ಹಾಗೇ ಕರೆಯತೊಡಗಿದರು.

ತೊಂದರೆ ಇದ್ದದ್ದು ಅವರ ಗೈಡಿನಲ್ಲಿ. ಅವರು ಧಾರವಾಡದವರು, ನಾವು ದೊಡ್ಡ ಸರ್ ಎನ್ನುತ್ತಿದ್ದೆವು. ಅವರ ಪ್ರಕಾರ ಇರುವುದು ಒಂದೇ ಜಾತಿ. ನೀರು ಹೆಚ್ಚು ಸಿಕ್ಕಿದರೆ ಕೂದಲು ಕಡಿಮೆ, ನೀರು ಕಡಿಮೆ ಸಿಕ್ಕಿದರೆ ಕೂದಲು ಹೆಚ್ಚು, ಅಷ್ಟೇ. ಮೇಡಮ್ಮಿಗೆ ಪಿಎಚ್‌ಡಿಗೆ ಕೊಟ್ಟ ಅವಧಿ ಆ ವರ್ಷ ಮುಗಿಯುತ್ತಿತ್ತು. ಎರಡು ಜಾತಿ ಹೌದು ಎಂದು ದೊಡ್ಡ ಸರ್ ಒಪ್ಪಿದರೆ ಪ್ರಬಂಧ ಪಾಸಾಗುತ್ತದೆ, ಒಪ್ಪದಿದ್ದರೆ ಅಷ್ಟು ವರ್ಷ ಗುಡ್ಡ ಹತ್ತಿದ್ದೆಲ್ಲ ನೀರಿಗೆ. ದೊಡ್ಡ ಸರ್ ಸ್ವತಃ ಬಂದು ಮಾದರಿ ನೋಡುತ್ತೇನೆ ಎಂದು ಫೋನು ಮಾಡಿದರು.

ಮಾದರಿ ಒಣಗಿಸುವ ಜವಾಬ್ದಾರಿ ನನ್ನದು. ಕಾರವಾರದ ಮಳೆಗಾಲ ಎಂಥದು ಎಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹಾಸಿದ ಚಾಪೆ ಒಣಗುವುದಿಲ್ಲ, ಗಿಡ ಎಲ್ಲಿ ಒಣಗಬೇಕು? ವಿಭಾಗದಲ್ಲಿ ಬಲ್ಬು ಹಾಕಿ ಒಣಗಿಸುವ ಪೆಟ್ಟಿಗೆ ಒಂದು ಬಂದಿತ್ತು. ಹೊಸ ವಿಧಾನ ಎಂದು ಎಲ್ಲರೂ ಹೊಗಳುತ್ತಿದ್ದರು. ಆದರೆ ಕರೆಂಟು ಇದ್ದರೆ ತಾನೆ ಬಲ್ಬು? ಪೇಪರು ತೆಗೆದು ನೋಡಿದರೆ ಬೋಳಪ್ಪನ ಮೇಲೆ ಬಿಳಿ ಬೂಸ್ಟು ಶುರುವಾಗಿತ್ತು. ಬೋಳಪ್ಪನಿಗೆ ಗಡ್ಡ ಬಂದರೆ ಮೇಡಮ್ಮಿನ ಕತೆ ಮುಗಿದ ಹಾಗೇ.

ಆಗ ನನ್ನ ತಲೆ ಓಡಿತು. ನಮ್ಮ ಕಡೆ ಪ್ರತಿ ಮನೆಯಲ್ಲೂ ಒಲೆಯ ಮೇಲೆ ಒಂದು ಅಟ್ಟ ಇರುತ್ತದೆ. ಬೇಸಿಗೆಯಲ್ಲಿ ಒಣಗಿಸಿದ ಬಂಗಡೆ, ಸಣ್ಣ ಸಿಗಡಿ ಎಲ್ಲ ಬುಟ್ಟಿಯಲ್ಲಿ ಹಾಕಿ ಅಲ್ಲಿಟ್ಟರೆ ಮಳೆಗಾಲ ಪೂರ್ತಿ ಮೆತ್ತಗಾಗದೆ ಇರುತ್ತವೆ. ಮೀನು ಕೆಡದ ಜಾಗದಲ್ಲಿ ಗಿಡ ಕೆಡುತ್ತದೆಯೇ? ಪ್ರೆಸ್ಸನ್ನು ಹೆಗಲ ಮೇಲೆ ಹೊತ್ತು ಭಾವಿಕೇರಿಗೆ ತಂದು ಅಟ್ಟದ ಮೇಲೆ ಮೀನಿನ ಬುಟ್ಟಿಯ ಪಕ್ಕ ಇಟ್ಟೆ.

“ಹೋಯ್, ಇದೆಂತದು ಮೇಲಿಟ್ಟದ್ದು?” ಎಂದಳು ಗಂಗೆ.

“ಮೇಡಮ್ಮಿನ ಪಿಎಚ್‌ಡಿ.”

“ಅದಕ್ಕೂ ಹೊಗೆ ಹಾಕ್ಬೇಕನ?”

“ಪಟ್ಟಿ ಸಡ್ಲ ಮಾಡಿಟ್ಟಿದ್ದೆ. ಹೊಗೆ ಒಳಗೆ ಆಡ್ಲಿ. ನೀ ಮುಟ್ಬೇಡ.”

“ನಾ ಯಂತಕೆ ಮುಟ್ಲಿ? ಬೆಕ್ಕಿಗೆ ಹೇಳಿ.”

ನಾನು ಬೆಕ್ಕಿಗೆ ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಗಿಡಗಳು ಗರಿಗರಿಯಾದವು. ಬೂಸ್ಟು ಎಂಬ ಹೆಸರೇ ಇಲ್ಲ. ಬಲ್ಬಿನ ಪೆಟ್ಟಿಗೆಗಿಂತ ನಮ್ಮ ಒಲೆಯೇ ಮೇಲು ಎಂದು ಟೆಂಪೋದಲ್ಲಿ ಕೂತವರಿಗೆಲ್ಲ ಹೇಳುತ್ತ ಹೋದೆ. ಪ್ರೆಸ್ಸು ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮೂಸಿ ನೋಡಿ, “ಬಂಗಡೆ ಹ್ಯಾಂಗೆ ಕೊಡ್ತ್ರಿ ಅಣ್ಣಾ?” ಎಂದು ಕೇಳಿದಳು. ಅದರಿಂದಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನಿತ್ಯ ಆ ವಾಸನೆಯಲ್ಲೇ ಇರುವವರಿಗೆ ಅದು ವಾಸನೆಯೇ ಅಲ್ಲ.

ದೊಡ್ಡ ಸರ್ ಬಂದರು. ಎತ್ತರದ ಆಳು, ತಲೆ ಪೂರ್ತಿ ಬೋಳು, ಎದೆಯವರೆಗೆ ಗಡ್ಡ. ವಿಭಾಗದ ಜೀಪು ಓಡಿಸುವ ಪುಂಡಲೀಕ, ಕಾರವಾರದವನು, ನನ್ನ ಕಿವಿಯಲ್ಲಿ ಹೇಳಿದ: “ಅರೆ ಬಾಬಾ ಹಮ್ಮಣ್ಣ, ಇವ್ರದ್ದು ಮುಖ ನೋಡು. ಬೋಳು ಗಡ್ಡ ಎರಡೂ ಒಬ್ರಲ್ಲೇ ಉಂಟು. ಮತ್ತೆ ಒಂದೇ ಜಾತಿ ಅನ್ದೆ ಏನು ಅಂತಾರೆ?”

ನಾನು ನಗು ತಡೆದುಕೊಂಡು ಪ್ರೆಸ್ಸಿನ ಪಟ್ಟಿ ಬಿಚ್ಚಿದೆ. ದೊಡ್ಡ ಸರ್ ಮೇಲಿನ ಪೇಪರು ಎತ್ತಿದರು. ಮೂಗಿಗೆ ಕರ್ಚೀಪು ಹೋಯಿತು.

“ಏನ್ರೀ ವಿಜಯಾ, ಇದು ಸಾಸಿವಿ ಕುಟುಂಬನೋ, ಮೀನಿನ ಕುಟುಂಬನೋ?”

ಮೇಡಂ ನನ್ನ ಕಡೆ ನೋಡಿದರು. ನಾನು ಎದೆ ಮುಂದೆ ಮಾಡಿ ನನ್ನ ವಿಧಾನ ವಿವರಿಸಿದೆ. ಒಲೆ, ಹೊಗೆ, ಅಟ್ಟ, ಬುಟ್ಟಿ, ಯಾವುದನ್ನೂ ಬಿಡಲಿಲ್ಲ. ದೊಡ್ಡ ಸರ್ ಮಾಂಸಮೀನು ಮುಟ್ಟದವರಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಆದರೂ ದೊಡ್ಡ ಮನುಷ್ಯರು, ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಲೆನ್ಸ್ ಹಿಡಿದು ಬಗ್ಗಿದರು. ಗಡ್ಡಪ್ಪನನ್ನು ನೋಡಿದರು. ಬೋಳಪ್ಪನನ್ನು ನೋಡಿದರು. ಮತ್ತೆ ಗಡ್ಡಪ್ಪ, ಮತ್ತೆ ಬೋಳಪ್ಪ.

“ಎರಡಕ್ಕೂ ಕೂದಲ ಅದ” ಎಂದರು. “ನಾ ಏನ್ ಹೇಳಿದ್ದೆ? ಒಂದ ಜಾತಿ.”

ಮೇಡಮ್ಮಿನ ಮುಖ ಸುಣ್ಣದ ಗೋಡೆಯಾಯಿತು. ಲೆನ್ಸ್ ತೆಗೆದುಕೊಂಡು ನೋಡಿದರು. ಬೋಳಪ್ಪನ ಕಾಯಿಯ ಮೇಲೆ ಕೂದಲು ನಿಜವಾಗಿಯೂ ಇತ್ತು. ಇಷ್ಟು ವರ್ಷ ತನ್ನ ಕಣ್ಣೇ ಸುಳ್ಳು ಹೇಳಿತೇ ಎಂದು ಅವರು ಗಾಬರಿಬಿದ್ದದ್ದು ಎದುರಿಗೇ ಕಾಣುತ್ತಿತ್ತು. ಅವರಿಗೆ ಆಸರೆಯಾಗಬೇಕೆಂದು ನಾನು ಬಾಯಿ ಹಾಕಿದೆ:

“ಹೊಗೆ ತಾಗಿದ್ರೆ ಒಳಗಿದ್ದ ಕೂದ್ಲು ಹೊರಗೆ ಬತ್ತದೆ ಸರ್.”

“ಅಂದ್ರ ಮೊದಲಿಂದನೂ ಒಳಗ ಇತ್ತು ಅಂತಾತು. ನೋಡ್ರಿ, ನಿಮ್ಮ ಹಮ್ಮಣ್ಣನೂ ನನ್ನ ಕಡೆನ ಇದ್ದಾನ.”

ಪುಂಡಲೀಕ ಹಿಂದಿನಿಂದ ನನ್ನ ಅಂಗಿ ಎಳೆದ. ಇನ್ನೂ ಏನಾದರೂ ಆಸರೆ ಕೊಡುವ ಮುಂಚೆ ಸುಮ್ಮನಾಗು ಎಂದು ಅದರ ಅರ್ಥ.

ಮೇಡಂ ಮಾತ್ರ ಲೆನ್ಸ್ ಕೆಳಗಿಡಲಿಲ್ಲ. ಚಿಮಟ ತೆಗೆದುಕೊಂಡು ಒಂದು ಕೂದಲು ಹಿಡಿದು ಎಳೆದರು. ಅದು ಬಂತು. ಬರುತ್ತಲೇ ಇತ್ತು. ಕಾಯಿಗಿಂತ ಉದ್ದ ಬಂತು.

“ಸರ್,” ಎಂದರು ಮೆಲ್ಲಗೆ, “ಈ ಒಂದೇ ಕೂದಲು ಮೂರು ಕಾಯಿಗಳ ಮೇಲೆ ಹಾದು ಹೋಗಿದೆ. ಇದು ಕರೀ ಇದೆ, ಪಕ್ಕದ್ದು ಬಿಳಿ ಇದೆ.”

ದೊಡ್ಡ ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೂರೂ ಜನ ತಿರುಗಿ ನನ್ನನ್ನು ನೋಡಿದರು.

“ಅದು... ನಮ್ಮನೆ ಬೆಕ್ಕು ಕರೀ ಬಿಳೀ ಅದೆ” ಎಂದೆ.

ಬೆಚ್ಚಗಿನ ಜಾಗ, ಪಕ್ಕದಲ್ಲಿ ಮೀನು. ಅದು ಅಷ್ಟೂ ದಿನ ನನ್ನ ಪ್ರೆಸ್ಸಿನ ಮೇಲೇ ಸಂಸಾರ ಮಾಡಿತ್ತು. ಹೊಗೆ ಆಡಲೆಂದು ನಾನು ಸಡಿಲ ಬಿಟ್ಟ ಸಂದಿಯಲ್ಲಿ ಕೂದಲೂ ಆಡಿತ್ತು.

“ಇದೊಂದು ಹೊಸಾ ಪ್ರಭೇದ ಆತು” ಎಂದರು ದೊಡ್ಡ ಸರ್. “ಸಾಸಿವಿಗೂ ಬೆಕ್ಕಿಗೂ ಹುಟ್ಟಿದ್ದು. ವಿಜಯಾ, ಈ ಮಾದರಿ ಯಾವದೂ ನಡೆಯೂದಿಲ್ಲ. ನಾಳೆ ಸಂಜಿ ಬಸ್ಸಿಗೆ ನಾ ಹೊಂಟೆ. ಅದರೊಳಗ ಜೀವಂತ ಗಿಡ ತೋರಿಸ್ರಿ. ಇಲ್ಲಾಂದ್ರ ಒಂದ ಜಾತಿ ಅಂತ ಬರೀರಿ.”

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಅಂಕೋಲೆ ದಾಟಿದ ಮೇಲೆ ಅದಿರು ಲಾರಿಗಳ ಸಾಲು. ಆ ವರ್ಷಗಳಲ್ಲಿ ಆ ರಸ್ತೆಯಲ್ಲಿ ಹೋದವರಿಗೆ ಗೊತ್ತು, ಎದುರಿಗೂ ಲಾರಿ, ಹಿಂದೆಯೂ ಲಾರಿ, ನಡುವೆ ಕೆಂಪು ಕೆಸರು. ಸುಂಕಸಾಳ ಮುಟ್ಟುವಾಗ ಜೀಪು, ಪುಂಡಲೀಕ, ದೊಡ್ಡ ಸರ್ ಎಲ್ಲ ಒಂದೇ ಬಣ್ಣ. ದಾರಿಯುದ್ದಕ್ಕೂ ಮೇಡಂ ನನ್ನ ಹತ್ತಿರ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ನನಗೆ ಅಭ್ಯಾಸವಿತ್ತು.

ಗುಡ್ಡ ಹತ್ತಿದೆವು. ಮಳೆ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ, ಜಾರುವ ಬಂಡೆ. ಗಡ್ಡಪ್ಪ ಬೇಕಾದಷ್ಟು ಸಿಕ್ಕಿದ. ಹಳ್ಳದ ಬದಿಗೆ, ಬಂಡೆಯ ಬುಡಕ್ಕೆ, ಎಲ್ಲಿ ನೋಡಿದರೂ ಗಡ್ಡಪ್ಪನೇ. ಬೋಳಪ್ಪ ಇದ್ದದ್ದು ಮೇಲೆ ಒಂದು ಚಪ್ಪಟೆ ಬಂಡೆಯ ಮೇಲೆ ಮಾತ್ರ, ಅಂಗೈಯಗಲ ಜಾಗದಲ್ಲಿ. ಗಡ್ಡಪ್ಪನೂ ಅದೇ ಬಂಡೆಯ ಮೇಲೆ, ಅದೇ ನೀರಿನಲ್ಲಿ ಇದ್ದ. ಇದೇ ಮೇಡಮ್ಮಿನ ಬ್ರಹ್ಮಾಸ್ತ್ರ: ಒಂದೇ ಬಂಡೆ, ಒಂದೇ ನೀರು, ಆದರೂ ಒಬ್ಬನಿಗೆ ಗಡ್ಡ, ಒಬ್ಬನಿಗೆ ಇಲ್ಲ. ಹಾಗಾದರೆ ನೀರಿನ ಮಾತು ಸುಳ್ಳು.

ಆ ಬಂಡೆ ಮುಟ್ಟುವಾಗ ದೊಡ್ಡ ಸರ್ ಏದುಸಿರು ಬಿಡುತ್ತಿದ್ದರು. “ನೀವು ಹುಡುಕ್ರಿ, ನಾ ಒಂದೀಟ ಕೂಡತೇನಿ” ಎಂದು ಕೂತರು. ನಾವು ಹುಡುಕಿದೆವು. ಬಂಡೆಯ ಈ ಅಂಚು, ಆ ಅಂಚು, ಬಿರುಕು, ಸಂದಿ. ಗಡ್ಡಪ್ಪ ಇದ್ದಾನೆ, ಬೋಳಪ್ಪ ಇಲ್ಲ.

“ಇಲ್ಲೇ ಇತ್ತು ಹಮ್ಮಣ್ಣ” ಎಂದರು ಮೇಡಂ. ಅಂದು ಅವರು ನನ್ನ ಹತ್ತಿರ ಆಡಿದ ಮೊದಲ ಮಾತು. “ಹೋದ ವಾರ ಇಲ್ಲೇ ಇತ್ತು. ದನ ಮೇಯ್ದು ಹೋಯ್ತಾ ಏನೋ.”

ನಾನು ಗುರುತು ನೆನಪು ಮಾಡಿಕೊಂಡೆ. ಕೆಳಗೆ ಒಂದು ಮತ್ತಿ ಮರ, ಅದರ ನೇರಕ್ಕೆ ಬಂಡೆಯ ಮೇಲೊಂದು ಬಿಳಿ ಗೆರೆ, ಗೆರೆ ಮುಗಿಯುವಲ್ಲಿ ಬೋಳಪ್ಪ. ಮರ ನೋಡಿದೆ. ಗೆರೆ ಹಿಡಿದು ಕಣ್ಣು ಹಾಯಿಸಿದೆ. ಗೆರೆ ನೇರವಾಗಿ ಹೋಗಿ ದೊಡ್ಡ ಸರ್ ಕೆಳಗೆ ಹೊಕ್ಕಿತು.

ನಾನು ಮೇಡಮ್ಮಿಗೆ ಕಣ್ಣಲ್ಲೇ ತೋರಿಸಿದೆ. ಅವರು ನೋಡಿದರು, ಬಾಯಿಗೆ ಕೈ ಇಟ್ಟುಕೊಂಡರು.

“ನೀವೇ ಹೇಳಿ” ಎಂದರು ಪಿಸುಮಾತಿನಲ್ಲಿ.

“ನಾ ಹ್ಯಾಂಗೆ ಹೇಳ್ಲಿ? ನಿಮ್ಮ ಗೈಡು.”

“ನಿಮ್ಮ ಬೆಕ್ಕು.”

ಹತ್ತಿರ ಹೋಗಿ ಕೈ ಮುಗಿದು, “ಸರ್, ಒಂದ್ ಸ್ವಲ್ಪ ಏಳ್ತ್ರ್ಯಾ?” ಎಂದೆ.

“ಯಾಕೋ? ಹಾವು?”

“ಹಾವಲ್ಲ ಸರ್. ಬೋಳಪ್ಪ.”

ಅವರ ಕೈ ತಾನಾಗಿ ತಲೆಗೆ ಹೋಯಿತು. “ಯಾರಿಗ್ ಅಂದಿ?”

“ಗಿಡಕ್ಕೆ ಸರ್, ಗಿಡಕ್ಕೆ! ನೀವು ಅದರ ಮೇಲೆ ಕೂತಿದ್ದೀರಿ” ಎಂದು ಮೇಡಂ ಓಡಿ ಬಂದರು.

ದೊಡ್ಡ ಸರ್ ಗಡಬಡಿಸಿ ಎದ್ದರು. ಕೆಳಗೆ ಬೋಳಪ್ಪನ ಸಂಸಾರ ಚಪ್ಪಟೆಯಾಗಿತ್ತು. ನಾನು ಇಷ್ಟು ವರ್ಷ ಹಲಗೆಯಲ್ಲಿ ಮಾಡಿದ ಕೆಲಸವನ್ನು ಅವರು ಒಂದೇ ಸಲಕ್ಕೆ ಮಾಡಿ ಮುಗಿಸಿದ್ದರು. ಬಲಿತ ಕಾಯಿಗಳೆಲ್ಲ ಸಿಡಿದು ಬೀಜ ಅವರ ಪ್ಯಾಂಟಿನ ಹಿಂಬದಿಗೆ ಸಾಲಾಗಿ ಮೆತ್ತಿಕೊಂಡಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪುಂಡಲೀಕ ಮಾತ್ರ ಹಿಂದೆ ನಿಂತು ತುಂಬ ಶ್ರದ್ಧೆಯಿಂದ ನೋಡುತ್ತಿದ್ದ.

ಮೇಡಂ ಬಂಡೆಯ ಮೇಲೆ ಮಂಡಿಯೂರಿ ಬಿರುಕಿನಲ್ಲಿ ಬೆರಳು ಆಡಿಸಿದರು. ಒಂದು ಗಿಡ, ಒಂದೇ ಒಂದು, ಬಿರುಕಿನ ಆಳದಲ್ಲಿ ಬಗ್ಗಿ ಬದುಕಿಕೊಂಡಿತ್ತು. ಅದರ ಪಕ್ಕ ಗೇಣು ದೂರದಲ್ಲಿ ಗಡ್ಡಪ್ಪ. ಮೇಡಂ ಕಿತ್ತುಕೊಡಲಿಲ್ಲ. “ಇಲ್ಲೇ ನೋಡಿ ಸರ್” ಎಂದರು.

ದೊಡ್ಡ ಸರ್ ಕೆಸರಿನಲ್ಲಿ ಅಡ್ಡ ಮಲಗಿದರು. ನಾನು ಅವರ ತಲೆಯ ಮೇಲೆ ಕೊಡೆ ಹಿಡಿದೆ. ಲೆನ್ಸ್ ಗಡ್ಡಪ್ಪನಿಗೆ ಹೋಯಿತು, ಬೋಳಪ್ಪನಿಗೆ ಬಂತು. ಮೂಗು ಇನ್ನೂ ಹತ್ತಿರ ಹೋಯಿತು. ಪಟ್! ಉಳಿದಿದ್ದ ಬಲಿತ ಕಾಯಿ ಅವರ ಕನ್ನಡಕಕ್ಕೆ ಸರಿಯಾಗಿ ಹೊಡೆಯಿತು.

“ಸಿಡೀತು. ಹಂಗಾರೆ ಸಾಸಿವೆನೇಯಾ” ಎಂದುಬಿಟ್ಟೆ. ಗಂಗೆಯ ಜೊತೆ ಬಾಳಿದ ಫಲ.

ಅವರು ಕನ್ನಡಕ ಒರೆಸಲಿಲ್ಲ. ಸಿಡಿದು ಸುರುಳಿಯಾದ ಸಿಪ್ಪೆಯನ್ನು ಬೆರಳ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಒಂದ ನೀರು” ಎಂದರು ಕೊನೆಗೆ. “ಒಂದ ಬಂಡಿ. ಇದರಾಗ ಒಂದ ಕೂದಲಿಲ್ಲ. ಬೆಕ್ಕಿಂದೂ ಇಲ್ಲ.” ಆಮೇಲೆ ಎದ್ದು ಕೂತು, “ಎರಡು ಜಾತಿ ಅಂತ ಬರೀರಿ ವಿಜಯಾ. ನಾ ಸಹಿ ಮಾಡ್ತೇನಿ” ಎಂದರು.

ಮೇಡಂ ಅತ್ತರೋ ನಕ್ಕರೋ ಮಳೆಯಲ್ಲಿ ಗೊತ್ತಾಗಲಿಲ್ಲ. ಇಳಿಯುವಾಗ ನನ್ನ ಹತ್ತಿರ ಬಂದು, “ಹಮ್ಮಣ್ಣ, ಇನ್ನು ಮೇಲೆ ಮೊದಲು ಫೋಟೋ ತೆಗೆಯೋಣ” ಎಂದರು. ಮುಂದಿನ ವರ್ಷ ವಿಭಾಗಕ್ಕೆ ಡಿಜಿಟಲ್ ಕ್ಯಾಮರಾ ಬಂತು. ಈಗ ಸೇರುವವರು ಎಲ್ಲದಕ್ಕೂ ಅದನ್ನೇ ಹಿಡಿದು ಓಡಾಡುತ್ತಾರೆ. ಒಳ್ಳೆಯದೇ. ಫೋಟೋದ ಮೇಲೆ ಬೆಕ್ಕು ಮಲಗಿದರೂ ತೊಂದರೆಯಿಲ್ಲ. ಆದರೆ ಕಾಯಿಯ ಒಳಗೆ ಗೋಡೆ ಇದೆಯೋ ಇಲ್ಲವೋ ಎಂದು ಫೋಟೋ ಹೇಳುವುದಿಲ್ಲ, ಬಿಡಿಸಿಯೇ ನೋಡಬೇಕು. ಅದನ್ನು ಮರೆಯಬೇಡಿ.

ಮರುವರ್ಷದ ಮಳೆಗಾಲದಲ್ಲಿ ವಿಭಾಗದ ಫೋನಿಗೆ ಧಾರವಾಡದಿಂದ ಕರೆ ಬಂತು. ಅಷ್ಟರಲ್ಲಿ ಮೇಡಂ ಡಾಕ್ಟರ್ ಮೇಡಂ ಆಗಿದ್ದರು. ಅವರು ಕ್ಲಾಸಿನಲ್ಲಿದ್ದರು, ಫೋನು ಎತ್ತಿದ್ದು ನಾನು.

“ಹಮ್ಮಣ್ಣ, ನಮ್ಮನಿ ಹಿತ್ತಲದಾಗ ಅರಿವಿ ಒಗೆಯೋ ಕಲ್ಲಿನ ಸುತ್ತ ಏನೋ ಎದ್ದದ. ಬಿಳೇ ಹೂವು. ಕಾಯಿ ಮುಟ್ಟಿದ್ರ ಸಿಡೀತದ. ಧಾರವಾಡದಾಗ ಇದು ಹೆಂಗ ಬಂತೋ ತಿಳೀವಲ್ದು. ಇದರ ಮ್ಯಾಲೊಂದು ಲೇಖನ ಬರೀಬೇಕಂತ ಮಾಡೇನಿ.”

ಅವರ ಪ್ಯಾಂಟು ನನ್ನ ಕಣ್ಣ ಮುಂದೆ ಬಂತು. “ಕಾಯಿ ನುಣ್ಣಗೆ ಅದ್ಯಾ ಸರ್?”

“ನುಣ್ಣಗ ಅದ.”

“ಹಂಗಾರೆ ಲೇಖನ ಬರಿಯೂಕಿಂತ ಮೊದ್ಲು, ಸುಂಕಸಾಳಕ್ಕೆ ಹಾಕ್ಕಂಡು ಬಂದ ಪ್ಯಾಂಟು ಎಲ್ಲಿ ಒಗೆದ್ರು ಅಂತ ಮನೇಲಿ ಒಂದು ಮಾತು ಕೇಳಿ ಸರ್.”

ಆ ಕಡೆಯಿಂದ ಕೇಳಿಸಿದ ನಗುವಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನಾನು ನಿವೃತ್ತನಾದಾಗ ಅವರು ಆ ಗಿಡದ ಬೀಜವನ್ನು ಲಕೋಟೆಯಲ್ಲಿ ಹಾಕಿ ಉಡುಗೊರೆಯೆಂದು ಕಳಿಸಿದರು. ಮೇಡಂ ತಮ್ಮ ಲೆನ್ಸ್ ಕೊಟ್ಟರು. ಮೀನಿನ ವಾಸನೆ ಹೋಗದ ಕಾರಣ ಆ ಪ್ರೆಸ್ಸನ್ನು ವಿಭಾಗದವರೇ ನನಗೆ ಬಿಟ್ಟುಕೊಟ್ಟರು.

ಹಾಗಾಗಿ ಈಗ ನನ್ನ ಹತ್ತಿರ ಇರುವುದು ಒಂದು ಲೆನ್ಸ್, ಗಂಗೆ ಹಪ್ಪಳ ಒತ್ತುವ ಎರಡು ಹಲಗೆ, ಆ ಕರೀ ಬಿಳೀ ಬೆಕ್ಕಿನ ಮೊಮ್ಮಕ್ಕಳು ಎರಡು, ಮತ್ತು ನೆರಳಿನಲ್ಲಿಟ್ಟ ಒಂದು ಕುಂಡದಲ್ಲಿ ಮೂರು ಸಸಿ. ಸಸಿಗೆ ಇನ್ನೂ ಕಾಯಿ ಬಂದಿಲ್ಲ. ಕರೀ ಬಿಳೀ ಕೂದಲು ಬಂದಿದೆ.